ಆರ್ಟ್ಸ್ ಓದಿದವರು ಕಾಯಿಲೆಯ ಚರಿತ್ರೆ ಬರೆಯಲು ಸ್ಕಾಲರ್‌ಶಿಪ್ ಎಲ್ಲಿದೆ?

ಪ್ರಶ್ನೆ: ನಾನು ಸಾಗರ ತಾಲ್ಲೂಕಿನವಳು. ಕುವೆಂಪು ವಿಶ್ವವಿದ್ಯಾಲಯದಲ್ಲಿ ಇತಿಹಾಸ ಎಂ.ಎ. ಮುಗಿಸಿದ್ದೇನೆ, ಶೇ 68 ಅಂಕ ಬಂದಿದೆ. ಪದವಿಯವರೆಗೂ ಕನ್ನಡ ಮಾಧ್ಯಮ. ನಮ್ಮ ಕಡೆಯ ಮಂಗನ ಕಾಯಿಲೆಯ ಇತಿಹಾಸದ ಮೇಲೆ ಸಂಶೋಧನೆ ಮಾಡಬೇಕೆಂದಿದ್ದೇನೆ. ‘ಅದು ಸೈನ್ಸ್‌ನವರ ಕೆಲಸ, ಆರ್ಟ್ಸ್‌ನವಳಿಗೆ ಯಾರು ದುಡ್ಡು ಕೊಡ್ತಾರೆ’ ಎಂದು ಎಲ್ಲರೂ ಹೇಳುತ್ತಾರೆ. ವಿದೇಶದಲ್ಲಿ ಇದಕ್ಕೆಂದೇ ಕೋರ್ಸ್‌ಗಳಿವೆ ಎಂದು ಕೇಳಿದ್ದೇನೆ. ನಾನು ಪರಿಶಿಷ್ಟ ಜಾತಿಗೆ ಸೇರಿದವಳು, ಮನೆಯ ವಾರ್ಷಿಕ ಆದಾಯ ಎರಡು ಲಕ್ಷ ದಾಟುವುದಿಲ್ಲ. ಸ್ಕಾಲರ್‌ಶಿಪ್ ಸಿಗಬಹುದೇ? ಬಿ.ಎಸ್ಸಿ. ಮಾಡದೆ ಈ ಕಡೆ ಬರಬಹುದೇ?

ಉತ್ತರ: ಎರಡನೆಯ ಪ್ರಶ್ನೆಗೆ ಉತ್ತರ ಸುಲಭ: ಬರಬಹುದು, ಬಿ.ಎಸ್ಸಿ. ಬೇಡ. ಕೇಂಬ್ರಿಜ್‌ನ ವಿಜ್ಞಾನದ ಇತಿಹಾಸ ಮತ್ತು ತತ್ತ್ವಶಾಸ್ತ್ರ ವಿಭಾಗ, ಹಾರ್ವರ್ಡ್‌ನ ವಿಜ್ಞಾನ ಇತಿಹಾಸ ವಿಭಾಗ, 1929ರಲ್ಲಿ ಶುರುವಾದ ಜಾನ್ಸ್ ಹಾಪ್‌ಕಿನ್ಸ್‌ನ ವೈದ್ಯಕೀಯ ಇತಿಹಾಸ ಸಂಸ್ಥೆ, ಮ್ಯಾಂಚೆಸ್ಟರ್‌ನ ವಿಜ್ಞಾನ-ತಂತ್ರಜ್ಞಾನ-ವೈದ್ಯಕೀಯ ಇತಿಹಾಸ ಕೇಂದ್ರ, ಇಲ್ಲೆಲ್ಲ ಇತಿಹಾಸ, ಸಮಾಜಶಾಸ್ತ್ರ, ತತ್ತ್ವಶಾಸ್ತ್ರ ಓದಿ ಬಂದವರು ಡಾಕ್ಟರುಗಳ ಪಕ್ಕದಲ್ಲೇ ಕೂತು ಕೆಲಸ ಮಾಡುತ್ತಾರೆ. ಡಾಕ್ಟರುಗಳಿಗೆ ರೋಗ ಗೊತ್ತು. ಹಳೆಯ ಕಡತ ಓದುವುದು ಹೇಗೆ, ಅದರಲ್ಲಿ ಬರೆಯದೆ ಬಿಟ್ಟದ್ದನ್ನು ಊಹಿಸುವುದು ಹೇಗೆ ಎಂದು ಗೊತ್ತಿರುವುದು ನಿಮಗೆ.

ಸ್ಕಾಲರ್‌ಶಿಪ್ ಪ್ರಶ್ನೆಗೆ ಬಿಡಿಸಿ ಹೇಳಬೇಕು. ‘ವೈದ್ಯಕೀಯ ಇತಿಹಾಸಕ್ಕೆ’ ಎಂದು ಬೋರ್ಡು ಹಾಕಿಕೊಂಡ ಸ್ಕಾಲರ್‌ಶಿಪ್ ಹುಡುಕುತ್ತಾ ಹೋದರೆ ಬರಿಗೈಲಿ ಬರುತ್ತೀರಿ. ಹಿಂದೆ ಹಾಗಿರಲಿಲ್ಲ. ಔಷಧ ವ್ಯಾಪಾರದಲ್ಲಿ ಹಣ ಮಾಡಿದ ಹೆನ್ರಿ ವೆಲ್‌ಕಮ್ 1936ರಲ್ಲಿ ತೀರಿಕೊಂಡಾಗ ಹುಟ್ಟಿದ ವೆಲ್‌ಕಮ್ ಟ್ರಸ್ಟ್ ಬ್ರಿಟನ್ನಿನಲ್ಲಿ ಈ ಕ್ಷೇತ್ರವನ್ನು ಹೆಚ್ಚುಕಡಿಮೆ ಒಂಟಿಯಾಗಿ ಸಾಕಿತು. ಆಕ್ಸ್‌ಫರ್ಡ್‌ನಲ್ಲಿ 1972ರಲ್ಲಿ ಅದರ ಹೆಸರಿನಲ್ಲೇ ಒಂದು ಘಟಕ ಬಂತು, ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ದೊಡ್ಡ ಕೇಂದ್ರ ನಡೆಯಿತು. ಆ ಲಂಡನ್ ಕೇಂದ್ರವನ್ನು ಮುಚ್ಚುವ ತೀರ್ಮಾನ 2010ರಲ್ಲಿ ಹೊರಬಿತ್ತು. ಟ್ರಸ್ಟಿನ ಆದ್ಯತೆಗಳೂ ಬದಲಾದವು. ಈಗ ಅದರ ನೇರ ಧನಸಹಾಯ ಹೆಚ್ಚಾಗಿ ಪಿಎಚ್.ಡಿ. ಮುಗಿಸಿದವರಿಗೆ. ಹಳೆಯ ಬ್ಲಾಗುಗಳಲ್ಲಿ ‘ವೆಲ್‌ಕಮ್ ಮಾಸ್ಟರ್ಸ್ ಸ್ಕಾಲರ್‌ಶಿಪ್’ ಅಂತ ಕಂಡರೆ ಅದರ ಹಿಂದೆ ಓಡಬೇಡಿ. ಆದರೆ ಲಂಡನ್ನಿನ ಯೂಸ್ಟನ್ ರಸ್ತೆಯಲ್ಲಿರುವ ವೆಲ್‌ಕಮ್ ಕಲೆಕ್ಷನ್‌ನ ಗ್ರಂಥಾಲಯ ತನ್ನ ಸಂಗ್ರಹದ ದೊಡ್ಡ ಭಾಗವನ್ನು ಸ್ಕ್ಯಾನ್ ಮಾಡಿ ಪುಕ್ಕಟೆ ಇಟ್ಟಿದೆ. ಸಾಗರದಲ್ಲಿ ಕೂತೇ ಅದನ್ನು ಇವತ್ತೇ ಬಳಸಬಹುದು.

ಈಗ ಹಣ ಮೂರು ಬೇರೆ ಹೆಸರುಗಳಲ್ಲಿದೆ: ನೀವು ಯಾರು (ಜಾತಿ, ಆದಾಯ, ದೇಶ) ಎಂಬುದಕ್ಕೆ ಸಿಗುವ ಹಣ, ನೀವು ಸೇರುವ ವಿಶ್ವವಿದ್ಯಾಲಯವೇ ಕೊಡುವ ಹಣ, ನೀವು ತೆರೆಯಬೇಕೆಂದಿರುವ ಕಡತ ಎಲ್ಲಿದೆ ಎಂಬುದಕ್ಕೆ ಸಿಗುವ ಸಣ್ಣ ಹಣ. ನಿಮ್ಮ ಮಟ್ಟಿಗೆ ಈ ಮೂರನೆಯದನ್ನು ಮೊದಲು ಹೇಳುತ್ತೇನೆ, ಏಕೆಂದರೆ ನೀವು ಹಿಡಿದಿರುವ ವಿಷಯದ ಬೆಲೆ ನಿಮಗೇ ಪೂರ್ತಿ ಗೊತ್ತಿದ್ದಂತೆ ಕಾಣುವುದಿಲ್ಲ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸಾಯತೊಡಗಿದವು, ಜನರಿಗೆ ಜ್ವರ ಬಂತು. ಆಗ ವಿಜ್ಞಾನಿಗಳಿಗೆ ಹುಟ್ಟಿದ ಮೊದಲ ಭಯ, ಏಷ್ಯಾಕ್ಕೆ ಅದುವರೆಗೂ ಕಾಲಿಡದ ಹಳದಿ ಜ್ವರ ಬಂದೇಬಿಟ್ಟಿತೇ ಎಂದು. ಓಡಿ ಬಂದವರು ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು. ಆ ಕೇಂದ್ರವನ್ನು 1952ರಲ್ಲಿ ಕಟ್ಟಿದ್ದು ಅಮೆರಿಕದ ರಾಕ್‌ಫೆಲ್ಲರ್ ಫೌಂಡೇಶನ್ ಮತ್ತು ನಮ್ಮ ವೈದ್ಯಕೀಯ ಸಂಶೋಧನಾ ಮಂಡಳಿ ಜೊತೆ ಸೇರಿ. ಸಿಕ್ಕಿದ್ದು ಹಳದಿ ಜ್ವರವಲ್ಲ, ಉಣುಗಿನಿಂದ ಹರಡುವ ಹೊಸ ವೈರಸ್. ಅದು ಸೋವಿಯತ್ ದೇಶದ ಕಾಡುಗಳಲ್ಲಿದ್ದ ಮಿದುಳು ಜ್ವರದ ವೈರಸ್ಸಿಗೆ ಹತ್ತಿರದ ಸಂಬಂಧಿ. ಹಾಗಾದರೆ ಸೈಬೀರಿಯಾದಿಂದ ವಲಸೆ ಬರುವ ಹಕ್ಕಿಗಳು ತಂದವೇ ಎಂಬ ಅನುಮಾನ ಎದ್ದಿತು. ಹಕ್ಕಿಗಳ ಕಾಲಿಗೆ ಉಂಗುರ ಹಾಕುವ ಪಕ್ಷಿತಜ್ಞ ಸಲೀಂ ಅಲಿಯವರ ಯೋಜನೆಗೆ ವಿಶ್ವ ಆರೋಗ್ಯ ಸಂಸ್ಥೆಯ ಹಣ ಬಂತು, ಆಮೇಲೆ ಅಮೆರಿಕದ ಸೇನೆಗೆ ಸೇರಿದ ಒಂದು ಸಮೀಕ್ಷೆಯ ಹಣವೂ ಬಂತು. 1970ರ ದಶಕದ ಮಧ್ಯದಲ್ಲಿ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಈ ಬಗೆಯ ಯೋಜನೆಗಳನ್ನು ಕಟುವಾಗಿ ಪ್ರಶ್ನಿಸಿತು. ಕರ್ನಾಟಕದಲ್ಲಿ 1990ರಿಂದ ಹಾಕುತ್ತಿದ್ದ ಲಸಿಕೆ ಸಾಕಷ್ಟು ಕೆಲಸ ಮಾಡುತ್ತಿಲ್ಲವೆಂದು 2022ರ ಹೊತ್ತಿಗೆ ನಿಂತೇಹೋಯಿತು.

ಸೊರಬದ ದನ ಕಾಯುವವರು, ತರಗು ತರಲು ಕಾಡಿಗೆ ಹೋಗುವ ಹೆಂಗಸರು, ಪುಣೆಯ ಪ್ರಯೋಗಾಲಯ, ನ್ಯೂಯಾರ್ಕಿನ ದಾನಿ ಸಂಸ್ಥೆ, ಶೀತಲ ಸಮರ, ಎಲ್ಲವೂ ಒಂದೇ ಕಾಯಿಲೆಯೊಳಗಿವೆ. ಆಯ್ಕೆ ಸಮಿತಿಗಳು ಇಂಥ ವಿಷಯಕ್ಕೆ ಕಾಯುತ್ತಿರುತ್ತವೆ. ಅದಕ್ಕಿಂತ ಮುಖ್ಯ, ಈ ಕಥೆಯ ಒಂದು ಪಾಲು ಇಂಗ್ಲಿಷಿನಲ್ಲಿ ನ್ಯೂಯಾರ್ಕ್ ರಾಜ್ಯದ ಸ್ಲೀಪಿ ಹಾಲೋದಲ್ಲಿರುವ ರಾಕ್‌ಫೆಲ್ಲರ್ ಆರ್ಕೈವ್ ಕೇಂದ್ರದಲ್ಲಿದೆ, ಇನ್ನೊಂದು ಪಾಲು ಕನ್ನಡದಲ್ಲಿ ನಿಮ್ಮೂರಿನ ಹಿರಿಯರ ನೆನಪಿನಲ್ಲಿ, ಆರೋಗ್ಯ ಕೇಂದ್ರಗಳ ಹಳೆಯ ರಿಜಿಸ್ಟರುಗಳಲ್ಲಿ, ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಇರಬೇಕು. ಎರಡನ್ನೂ ಓದಬಲ್ಲವರು ಲೋಕದಲ್ಲಿ ಬೆರಳೆಣಿಕೆ. ಕನ್ನಡ ಮಾಧ್ಯಮವನ್ನು ನೀವು ಪತ್ರದಲ್ಲಿ ತಪ್ಪೊಪ್ಪಿಗೆಯ ದನಿಯಲ್ಲಿ ಬರೆದಿದ್ದೀರಿ. ಅರ್ಜಿಯಲ್ಲಿ ಅದನ್ನು ಮೊದಲ ಪುಟದಲ್ಲೇ, ಅರ್ಹತೆಯಾಗಿ ಬರೆಯಿರಿ. ಆ ರಾಕ್‌ಫೆಲ್ಲರ್ ಕೇಂದ್ರ ತನ್ನ ಕಡತ ನೋಡಲು ಬರುವ ಸಂಶೋಧಕರಿಗೆ ಪ್ರಯಾಣ ಮತ್ತು ವಸತಿಗೆ ಸಹಾಯಧನ ಕೊಡುತ್ತದೆ. ಪಿಎಚ್.ಡಿ.ಗೆ ಸೇರಿದ ಮೇಲೆ ನಿಮ್ಮ ಪಟ್ಟಿಯಲ್ಲಿ ಅದು ಇರಲಿ.

ಇನ್ನು ದೊಡ್ಡ ಹಣದ ವಿಚಾರ. ನನ್ನ ಖಚಿತ ಅಭಿಪ್ರಾಯ: ನಿಮ್ಮ ಪರಿಸ್ಥಿತಿಯಲ್ಲಿ ವಿದೇಶದ ಒಂದು ವರ್ಷದ ಮಾಸ್ಟರ್ಸ್‌ಗೆ ಸಾಲ ಮಾಡಿ ಹೋಗಲೇಬಾರದು. ಬ್ರಿಟನ್ನಿನಲ್ಲಿ ಹೊರದೇಶದವರಿಗೆ ಇಂಥ ಕೋರ್ಸಿನ ಶುಲ್ಕವೇ 25ರಿಂದ 40 ಸಾವಿರ ಪೌಂಡ್. ಊಟ-ವಸತಿ ಸೇರಿದರೆ ನಲವತ್ತು ಲಕ್ಷ ರೂಪಾಯಿ ದಾಟುತ್ತದೆ. ಕೈಗೆ ಬರುವುದು ನಿಮ್ಮಲ್ಲಿ ಈಗಾಗಲೇ ಇರುವ ಪದವಿಯಂಥದೇ ಇನ್ನೊಂದು. ಹೆಚ್ಚಿನ ಕಡೆ ಮಾಸ್ಟರ್ಸ್ ಅಂದರೆ ವಿದ್ಯಾರ್ಥಿ ವಿಶ್ವವಿದ್ಯಾಲಯಕ್ಕೆ ಹಣ ಕೊಡುವ ಹಂತ, ಪಿಎಚ್.ಡಿ. ಅಂದರೆ ವಿಶ್ವವಿದ್ಯಾಲಯ ವಿದ್ಯಾರ್ಥಿಗೆ ಹಣ ಕೊಡುವ ಹಂತ. ಪೂರ್ತಿ ಸ್ಕಾಲರ್‌ಶಿಪ್ ಸಿಕ್ಕರೆ ಮಾಸ್ಟರ್ಸ್‌ಗೆ ಹೋಗಿ, ಇಲ್ಲದಿದ್ದರೆ ನೇರವಾಗಿ ಪಿಎಚ್.ಡಿ. ಕಡೆ ನೋಡಿ.

ಮೊದಲ ಬಾಗಿಲು ಇಲ್ಲಿಯೇ ಇದೆ: ಅಧ್ಯಾಪನಕ್ಕೂ ಸಂಶೋಧನೆಗೂ ಅರ್ಹತೆ ಅಳೆಯುವ ರಾಷ್ಟ್ರಮಟ್ಟದ ನೆಟ್ ಪರೀಕ್ಷೆ. ಅದರಲ್ಲಿ ಮುಂದಿನ ಸಾಲಿನಲ್ಲಿ ಬಂದವರಿಗೆ ಕೊಡುವ ಸಂಶೋಧನಾ ಫೆಲೋಶಿಪ್, ಅಂದರೆ ಜೆಆರ್‌ಎಫ್ ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000, ಜೊತೆಗೆ ಮನೆ ಬಾಡಿಗೆ ಭತ್ಯೆ. ವಯೋಮಿತಿ 30, ಪರಿಶಿಷ್ಟರಿಗೂ ಮಹಿಳೆಯರಿಗೂ ಐದು ವರ್ಷ ಸಡಿಲಿಕೆ. ಜೆಆರ್‌ಎಫ್ ಕೂದಲೆಳೆಯಲ್ಲಿ ತಪ್ಪಿ ನೆಟ್ ಮಾತ್ರ ಆದರೂ ಕೈಬಿಡಬೇಡಿ, ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಕೇಂದ್ರ ಸರ್ಕಾರದ ರಾಷ್ಟ್ರೀಯ ಫೆಲೋಶಿಪ್ ಬೇರೆಯೇ ಇದೆ, ಮೊತ್ತ ಜೆಆರ್‌ಎಫ್‌ನಷ್ಟೇ. ಹಣ ತಡವಾಗಿ ಬರುತ್ತದೆ ಎಂಬ ಗೊಣಗಾಟ ಎಲ್ಲ ಸರ್ಕಾರಿ ಫೆಲೋಶಿಪ್‌ಗಳ ಬಗ್ಗೆಯೂ ಕೇಳಿಬರುತ್ತದೆ. ಕೆಲವು ತಿಂಗಳು ದೂಡುವ ವ್ಯವಸ್ಥೆ ಇಟ್ಟುಕೊಂಡೇ ಸೇರಿ. ಇತಿಹಾಸದ ನೆಟ್ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಬರುತ್ತದೆ. ಕನ್ನಡದಲ್ಲಿ ಎಂ.ಎ. ಓದಿದವರಿಗೆ ಇದು ನ್ಯಾಯವಲ್ಲ. ಆದರೆ ಸದ್ಯಕ್ಕೆ ನಿಯಮ ಅದೇ ಆಗಿರುವುದರಿಂದ, ಓದುವಾಗಲೇ ಪಾರಿಭಾಷಿಕ ಪದಗಳನ್ನು ಎರಡೂ ಭಾಷೆಯಲ್ಲಿ ಬರೆದುಕೊಳ್ಳುತ್ತಾ ಹೋಗಿ.

ಈ ಫೆಲೋಶಿಪ್ ಹಿಡಿದುಕೊಂಡು ಎಲ್ಲಿಗೆ ಹೋಗಬೇಕು? ದೆಹಲಿಯ ಜೆಎನ್‌ಯುನ ಸಾಮಾಜಿಕ ವೈದ್ಯಶಾಸ್ತ್ರ ಮತ್ತು ಸಮುದಾಯ ಆರೋಗ್ಯ ಕೇಂದ್ರ ಸಮಾಜವಿಜ್ಞಾನದವರನ್ನೂ ವೈದ್ಯರನ್ನೂ ಒಟ್ಟಿಗೆ ಸೇರಿಸಿಕೊಳ್ಳುವ ಅಪರೂಪದ ಜಾಗ. ಬೆಂಗಳೂರಿನಲ್ಲಿ ಐಐಎಸ್‌ಸಿ ಆವರಣದಲ್ಲೇ ಇರುವ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ ಹುಟ್ಟಿದ್ದೇ ವಿಜ್ಞಾನ ಮತ್ತು ಮಾನವಿಕಗಳ ನಡುವಿನ ಗೋಡೆ ತೆಗೆಯಲು. ಮಣಿಪಾಲದ ಮಾನವಿಕ ಕೇಂದ್ರವನ್ನೂ, ಐಐಟಿಗಳ ಮಾನವಿಕ ವಿಭಾಗಗಳನ್ನೂ ನೋಡಿ. ಐಐಟಿಗಳಲ್ಲಿ ಸಂಸ್ಥೆಯೇ ಫೆಲೋಶಿಪ್ ಕೊಡುತ್ತದೆ. ನಿಮ್ಮ ವಿಷಯಕ್ಕೆ ಹೆಚ್ಚು ಹತ್ತಿರದವರು ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯವರು. ಮಂಗನ ಕಾಯಿಲೆ ಯಾವ ಬಗೆಯ ಕಾಡು-ತೋಟಗಳ ಅಂಚಿನಲ್ಲಿ ಹೆಚ್ಚು ಎಂದು ಬ್ರಿಟನ್ನಿನ ವಿಜ್ಞಾನಿಗಳ ಜೊತೆ ಸೇರಿ ಅವರು ಕೆಲಸ ಮಾಡಿದ್ದಾರೆ. ಅವರ ಪ್ರಬಂಧಗಳನ್ನು ಓದಿ ಒಂದು ಪತ್ರ ಬರೆಯಿರಿ. ಐಸಿಎಚ್‌ಆರ್ (ಇತಿಹಾಸ ಸಂಶೋಧನಾ ಮಂಡಳಿ) ಮತ್ತು ಐಸಿಎಸ್‌ಎಸ್‌ಆರ್ (ಸಮಾಜವಿಜ್ಞಾನ ಸಂಶೋಧನಾ ಮಂಡಳಿ) ಫೆಲೋಶಿಪ್‌ಗಳೂ ಇವೆ, ಆದರೆ ಅವುಗಳ ಮೊತ್ತ ಜೆಆರ್‌ಎಫ್‌ಗಿಂತ ಕಡಿಮೆ. ಅವು ಎರಡನೆಯ ಸಾಲಿನಲ್ಲಿರಲಿ.

ನೀವು ಕೇಳಿಲ್ಲ, ಆದರೆ ಯಾರಾದರೂ ನಿಮಗೆ ಹೇಳಿಯೇ ಹೇಳುತ್ತಾರೆ: ‘ಎಸ್‌ಸಿ ಅಲ್ವಾ, ನ್ಯಾಷನಲ್ ಓವರ್‌ಸೀಸ್ ಹಾಕು’. ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯದ ಈ ಯೋಜನೆಯಲ್ಲಿ ವರ್ಷಕ್ಕೆ 125 ಮಂದಿಗೆ ವಿದೇಶದ ಶುಲ್ಕ, ಜೀವನ ವೆಚ್ಚ, ವಿಮಾನ ಟಿಕೆಟ್ಟು ಎಲ್ಲ ಸಿಗುತ್ತದೆ. ಆದಾಯ ಎಂಟು ಲಕ್ಷದೊಳಗಿರಬೇಕು, ಅರ್ಹತಾ ಪದವಿಯಲ್ಲಿ ಶೇ 60 ಬೇಕು, ವಯಸ್ಸು 35ರೊಳಗೆ. ಆದಾಯದಲ್ಲೂ ಎಂ.ಎ. ಅಂಕದಲ್ಲೂ ನೀವು ಪಾಸು, ವಯಸ್ಸನ್ನು ಪತ್ರದಲ್ಲಿ ಬರೆದಿಲ್ಲ, ನೋಡಿಕೊಳ್ಳಿ. ಆದರೆ 2022ರಲ್ಲಿ ನಿಯಮಗಳಿಗೆ ಒಂದು ಸಾಲು ಸೇರಿಸಿದರು: ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ ಮತ್ತು ಭಾರತ ಕೇಂದ್ರಿತ ಸಾಮಾಜಿಕ ಅಧ್ಯಯನದ ವಿಷಯಗಳಿಗೆ ಇದು ಇಲ್ಲ. ಭಾರತದ ಬಗ್ಗೆ ಓದಲು ಹೊರಗೆ ಯಾಕೆ ಹೋಗಬೇಕು ಎಂಬುದು ಸರ್ಕಾರದ ವಾದ. ದಲಿತ ವಿದ್ಯಾರ್ಥಿಯೊಬ್ಬಳು ತನ್ನ ನೆಲದ ಚರಿತ್ರೆಯನ್ನು ಜಗತ್ತಿನ ಒಳ್ಳೆಯ ವಿಭಾಗವೊಂದರಲ್ಲಿ ಕೂತು ಬರೆಯಬಾರದು ಎಂಬುದಕ್ಕೆ ನನಗೆ ಈವರೆಗೂ ಒಪ್ಪುವಂಥ ಕಾರಣ ಸಿಕ್ಕಿಲ್ಲ. ನಿಮ್ಮ ಸಂಶೋಧನೆಯ ಮುಖ್ಯ ಕಡತಗಳು ಅಮೆರಿಕದಲ್ಲಿವೆ ಎಂಬುದೇ ಆ ವಾದಕ್ಕೆ ಉತ್ತರ. ಆದರೂ ಮಂಗನ ಕಾಯಿಲೆ ಎಂದು ಹೆಸರಿಸಿ ಅರ್ಜಿ ಹಾಕಿದರೆ ತಿರಸ್ಕಾರವಾಗುವ ಅಪಾಯ ನಿಜ. ರಷ್ಯಾ, ಯುರೋಪ್, ಭಾರತಗಳ ಉಣುಗಿನ ಕಾಯಿಲೆಗಳ ಹೋಲಿಕೆಯೇ ನಿಜವಾಗಿ ನಿಮ್ಮ ಪ್ರಶ್ನೆಯಾಗಿದ್ದರೆ ಹಾಗೆ ಬರೆಯಿರಿ. ಆಗಲೂ ಅಧಿಕಾರಿಗಳು ಹೇಗೆ ಓದುತ್ತಾರೋ ಹೇಳಲಾಗದು. ವಿಷಯವನ್ನು ಬಚ್ಚಿಟ್ಟು ಹೋಗುವುದು ಮಾತ್ರ ಬೇಡ, ನಡುವೆ ಹಣ ನಿಂತರೆ ಹೊರದೇಶದಲ್ಲಿ ಒಬ್ಬರೇ ಸಿಕ್ಕಿಬೀಳುತ್ತೀರಿ. ಹೊರದೇಶದಲ್ಲಿ ಓದಲು ಹಣ ಕೊಡುವ ರಾಜ್ಯ ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ಯೋಜನೆ ಬೇರೆಯೇ, ಅದರ ನಿಯಮಗಳೂ ಬೇರೆ. ಆ ವರ್ಷದ ಪ್ರಕಟಣೆಯಲ್ಲಿರುವ ವಿಷಯಪಟ್ಟಿಯನ್ನು ಅರ್ಜಿಗೆ ಮುಂಚೆ ಒಮ್ಮೆ ಕೂತು ಓದಿ.

ಬ್ರಿಟನ್ನಿಗೆ ಹೋಗುವುದಾದರೆ ನಿಮಗೆ ಹೊಂದುವವು ಕೆಲವೇ. ಫೆಲಿಕ್ಸ್ ಸ್ಕಾಲರ್‌ಶಿಪ್ ನಿಮ್ಮಂಥವರಿಗೇ ಮಾಡಿದಂತಿದೆ: ಆಕ್ಸ್‌ಫರ್ಡ್, ಲಂಡನ್ನಿನ ಸೋಯಾಸ್ ಮತ್ತು ರೆಡಿಂಗ್ ವಿಶ್ವವಿದ್ಯಾಲಯಗಳಲ್ಲಿ ಓದಲು, ಪ್ರತಿಭೆ ಇದ್ದು ಹಣವಿಲ್ಲದ ಭಾರತೀಯರಿಗೆ. ಈ ಮೊದಲು ವಿದೇಶದಲ್ಲಿ ಓದಿರಬಾರದು, ಮುಗಿಸಿ ಊರಿಗೆ ಮರಳಬೇಕು. ಪದವಿಯಲ್ಲಿ ಪ್ರಥಮ ದರ್ಜೆ ಬೇಕು, ನಿಮ್ಮ ಬಿ.ಎ. ಅಂಕವನ್ನು ಪತ್ರದಲ್ಲಿ ಬರೆದಿಲ್ಲ, ನೋಡಿಕೊಳ್ಳಿ. ಕಾಮನ್‌ವೆಲ್ತ್ ಸ್ಕಾಲರ್‌ಶಿಪ್ ಅಭಿವೃದ್ಧಿಯ ವಿಷಯಸೂಚಿಗಳ ಮೇಲೆ ನಡೆಯುತ್ತದೆ, ಅದರಲ್ಲೊಂದು ಆರೋಗ್ಯ ವ್ಯವಸ್ಥೆಗಳ ಬಲವರ್ಧನೆ. ಕಾಡಂಚಿನ ಜನ ಲಸಿಕೆಯನ್ನು ಯಾಕೆ ನಂಬಲಿಲ್ಲ ಅಥವಾ ಯಾಕೆ ನಂಬಿ ಕೆಟ್ಟರು ಎಂಬ ಪ್ರಶ್ನೆ ಅಲ್ಲಿ ಸಲೀಸಾಗಿ ಕೂರುತ್ತದೆ. ಕೇಂಬ್ರಿಜ್‌ಗಾದರೆ ಗೇಟ್ಸ್ ಕೇಂಬ್ರಿಜ್: 2000ದಲ್ಲಿ 21 ಕೋಟಿ ಡಾಲರ್ ದೇಣಿಗೆಯಿಂದ ಆರಂಭವಾಯಿತು, ವರ್ಷಕ್ಕೆ ಸುಮಾರು 80 ಮಂದಿಗೆ, ಯಾವ ವಿಷಯವಾದರೂ ಸರಿ. ಪೈಪೋಟಿ ವಿಪರೀತ, ಆದರೆ ಅರ್ಜಿ ಕೇಂಬ್ರಿಜ್ ಪ್ರವೇಶದ ಅರ್ಜಿಯೊಳಗೇ ಇರುವುದರಿಂದ ಪ್ರತ್ಯೇಕ ಅರ್ಜಿ ಬೇಕಿಲ್ಲ. ಇನ್‌ಲಾಕ್ಸ್ ಪ್ರತಿಷ್ಠಾನ ಒಂದು ಲಕ್ಷ ಡಾಲರ್‌ವರೆಗೆ ಕೊಡುತ್ತದೆ. ಆದರೆ ಅದು ಕೈಬಿಟ್ಟಿರುವ ವಿಷಯಗಳಲ್ಲಿ ವೈದ್ಯಕೀಯ, ಸಾರ್ವಜನಿಕ ಆರೋಗ್ಯ, ಭಾರತೀಯ ಅಧ್ಯಯನ ಮೂರೂ ಇವೆ. ಆದ್ದರಿಂದ ಇತಿಹಾಸ ವಿಭಾಗದ ಕೋರ್ಸಿಗೆ ಪ್ರವೇಶ ಪಡೆದಿದ್ದೀರಿ ಎಂಬುದು ಅಲ್ಲಿ ಎದ್ದು ಕಾಣಬೇಕು. ಬ್ರಿಟಿಷ್ ಸರ್ಕಾರದ ಚೀವ್ನಿಂಗ್ ಸ್ಕಾಲರ್‌ಶಿಪ್ ಎರಡು ವರ್ಷದ ಕೆಲಸದ ಅನುಭವ ಕೇಳುತ್ತದೆ, ಈಗ ನಿಮಗಲ್ಲ. ಬ್ರಿಟನ್ನಿನ ಸಂಶೋಧನಾ ಮಂಡಳಿಗಳ ಪಿಎಚ್.ಡಿ. ವೇತನ 2021ರಿಂದ ಹೊರದೇಶದವರಿಗೂ ತೆರೆದಿದೆ, ಆದರೆ ಒಟ್ಟು ಸ್ಥಾನಗಳಲ್ಲಿ ಶೇ 30ರೊಳಗೆ ಮಾತ್ರ. ಮಂಡಳಿ ಕಟ್ಟುವುದು ಸ್ಥಳೀಯರ ದರದ ಶುಲ್ಕವನ್ನಷ್ಟೆ, ಉಳಿದ ವ್ಯತ್ಯಾಸವನ್ನು ವಿಶ್ವವಿದ್ಯಾಲಯ ಮನ್ನಾ ಮಾಡುತ್ತದೆಯೇ ಎಂದು ಮೊದಲೇ ಲಿಖಿತವಾಗಿ ಕೇಳಿ.

ಅಮೆರಿಕದ ಪಿಎಚ್.ಡಿ. ಲೆಕ್ಕವೇ ಬೇರೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಪೆನ್ಸಿಲ್ವೇನಿಯಾ, ಜಾನ್ಸ್ ಹಾಪ್‌ಕಿನ್ಸ್, ಎಂಐಟಿ ಇಂಥ ಕಡೆ ಆಯ್ಕೆಯಾದರೆ ಸಾಮಾನ್ಯವಾಗಿ ಐದು ವರ್ಷ ಶುಲ್ಕ ಮನ್ನಾ, ತಿಂಗಳ ವೇತನ, ಆರೋಗ್ಯ ವಿಮೆ ಪ್ರವೇಶದ ಜೊತೆಗೇ ಬರುತ್ತವೆ. ಬೇರೆ ಸ್ಕಾಲರ್‌ಶಿಪ್ ಹುಡುಕುವ ಅಗತ್ಯವೇ ಇಲ್ಲ. ಮೂರು ವರ್ಷದ ಬಿ.ಎ. ಮೇಲೆ ಎರಡು ವರ್ಷದ ಎಂ.ಎ. ಇರುವುದರಿಂದ ವರ್ಷಗಳ ತಕರಾರೂ ಬರುವುದಿಲ್ಲ. ಅರ್ಜಿ ಶುಲ್ಕವೇ ಒಂದೊಂದು ಕಡೆ ನೂರು ಡಾಲರ್ ಆಸುಪಾಸು ಇರುತ್ತದೆ. ಆದಾಯ ಪ್ರಮಾಣಪತ್ರ ತೋರಿಸಿ ಮನ್ನಾ ಕೇಳಿ, ಅಲ್ಲಿ ಹಾಗೆ ಕೇಳುವುದು ಮಾಮೂಲು. ಆದರೆ ಈಗಿನ ಗಾಳಿ ಚೆನ್ನಾಗಿಲ್ಲ: 2025ರಲ್ಲಿ ಹಲವು ವಿಶ್ವವಿದ್ಯಾಲಯಗಳು ಮಾನವಿಕ ವಿಭಾಗಗಳ ಪಿಎಚ್.ಡಿ. ಸೀಟುಗಳನ್ನು ಕಡಿತ ಮಾಡಿವೆ, ಕೆಲವು ಪೂರ್ತಿ ನಿಲ್ಲಿಸಿವೆ. ಹಾಗಾಗಿ ಅಮೆರಿಕವೊಂದನ್ನೇ ನಂಬಿ ಕೂರಬೇಡಿ. ಭಾರತದಲ್ಲೇ ಪಿಎಚ್.ಡಿ.ಗೆ ಸೇರಿ, ಒಂದು ವರ್ಷ ಕಳೆದ ಮೇಲೆ ಫುಲ್‌ಬ್ರೈಟ್-ನೆಹರು ಡಾಕ್ಟರಲ್ ಫೆಲೋಶಿಪ್ ಹಾಕಿ ಆರೆಂಟು ತಿಂಗಳು ಅಲ್ಲಿಯ ಆರ್ಕೈವ್‌ಗಳಲ್ಲಿ ಕೆಲಸ ಮಾಡಿಬರುವುದು ಇನ್ನೊಂದು ದಾರಿ. ನಿಜ ಹೇಳಬೇಕೆಂದರೆ ನಿಮ್ಮ ವಿಷಯಕ್ಕೆ ನನಗೆ ಹೆಚ್ಚು ಹಿಡಿಸುವುದು ಇದೇ. ಜೆಆರ್‌ಎಫ್‌ನ ಹಣದಲ್ಲಿ ಇಲ್ಲಿಯ ಕನ್ನಡ ಆಕರಗಳನ್ನು ಮೊದಲು ಕಟ್ಟಿಕೊಂಡು, ಆಮೇಲೆ ಪ್ರಶ್ನೆಗಳನ್ನು ಹೊತ್ತು ಸ್ಲೀಪಿ ಹಾಲೋಗೆ ಹೋದವರಿಗೆ ಅಲ್ಲಿಯ ಪೆಟ್ಟಿಗೆಗಳು ಬೇರೆಯದೇ ಉತ್ತರ ಕೊಡುತ್ತವೆ. ಬ್ರಿಟನ್ನಿನಲ್ಲಿ ಕಡತ ನೋಡಬೇಕಾದರೆ ಚಾರ್ಲ್ಸ್ ವಾಲೇಸ್ ಇಂಡಿಯಾ ಟ್ರಸ್ಟ್ ಸಣ್ಣ ಅನುದಾನ ಕೊಡುತ್ತದೆ. ಜರ್ಮನಿಯಲ್ಲಿ ಬರ್ಲಿನ್ನಿನ ಮ್ಯಾಕ್ಸ್ ಪ್ಲಾಂಕ್ ವಿಜ್ಞಾನ ಇತಿಹಾಸ ಸಂಸ್ಥೆಯ ಹೆಸರು ನೆನಪಿನಲ್ಲಿರಲಿ.

ಇನ್ನು ಅರ್ಜಿ. ‘ಮಂಗನ ಕಾಯಿಲೆಯ ಇತಿಹಾಸವನ್ನು ಸಮಗ್ರವಾಗಿ ಅಧ್ಯಯನ ಮಾಡಲು ಬಯಸುತ್ತೇನೆ’ ಎಂಬ ವಾಕ್ಯ ಓದಿದ ಸಮಿತಿ ಪುಟ ತಿರುಗಿಸುತ್ತದೆ. ಅದರ ಬದಲು ಹೀಗೆ ಕೇಳಿ ನೋಡಿ: 1957ರಿಂದ 1970ರವರೆಗೆ ಕಾಡಿನಲ್ಲಿ ಸತ್ತ ಮಂಗವನ್ನು ಮೊದಲು ಕಂಡು ಸುದ್ದಿ ಮುಟ್ಟಿಸಿದವರು ಯಾರು, ಉಣುಗು ಹಿಡಿಯಲು ದಿನಗೂಲಿಗೆ ಹೋದವರು ಯಾರು, ರಕ್ತ ಕೊಟ್ಟವರು ಯಾರು, ವಿಜ್ಞಾನದ ಪ್ರಬಂಧಗಳಲ್ಲಿ ಅವರ ಹೆಸರು ಎಲ್ಲಿ ಹೋಯಿತು? ಇದಕ್ಕೆ ಯಾವ ಊರಿನ, ಯಾವ ಪತ್ರಾಗಾರದ, ಯಾವ ಇಲಾಖೆಯ ದಾಖಲೆ ನೋಡುತ್ತೀರಿ ಎಂದು ಬರೆದರೆ ಎರಡು ಪುಟದ ಪ್ರಸ್ತಾವ ತಾನೇ ನಿಲ್ಲುತ್ತದೆ. ಸಿದ್ಧಾಂತಗಳ ಭಾರದ ಪದಗಳನ್ನು ತುರುಕಬೇಡಿ, ನಿಮ್ಮ ಬಲ ಅಲ್ಲಿಲ್ಲ.

ಬ್ರಿಟನ್ನಿನ ಇಂಥ ಕೋರ್ಸ್‌ಗಳು ಇಂಗ್ಲಿಷ್ ಪರೀಕ್ಷೆಯಾದ ಐಇಎಲ್‌ಟಿಎಸ್‌ನಲ್ಲಿ 7ರಿಂದ 7.5 ಕೇಳುತ್ತವೆ, ಬರವಣಿಗೆಯ ಭಾಗದಲ್ಲೇ ಹೆಚ್ಚಿನವರು ಜಾರುವುದು. ವರ್ಷ ಪೂರ್ತಿ ವಾರಕ್ಕೊಂದು ಪುಟ ಇಂಗ್ಲಿಷಿನಲ್ಲಿ ಬರೆದು ಯಾರಿಗಾದರೂ ತಿದ್ದಲು ಕೊಡಿ. ಶಿಫಾರಸು ಪತ್ರಕ್ಕೆ ದೊಡ್ಡ ಹುದ್ದೆಯವರ ಹಿಂದೆ ಹೋಗಬೇಡಿ. ನಿಮ್ಮ ಎಂ.ಎ. ಪ್ರಬಂಧ ನಿಜವಾಗಿ ಓದಿದ ಮೇಷ್ಟ್ರೇ ಬರೆಯಲಿ, ಅವರಿಗೆ ಆರು ವಾರ ಮುಂಚೆ ನಿಮ್ಮ ಪ್ರಸ್ತಾವವನ್ನೂ ಕೊಡಿ.

ವೇಳೆ ಹೀಗೆ ಬರುತ್ತದೆ. ನೆಟ್ ಜೂನ್ ಮತ್ತು ಡಿಸೆಂಬರ್ ಸರದಿಗಳಲ್ಲಿ. ಕಾಮನ್‌ವೆಲ್ತ್ ಸಾಮಾನ್ಯವಾಗಿ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. ಅಮೆರಿಕದ ಪಿಎಚ್.ಡಿ. ಅರ್ಜಿಗಳು ಹೆಚ್ಚಾಗಿ ಡಿಸೆಂಬರ್‌ನಲ್ಲಿ, ಆಕ್ಸ್‌ಫರ್ಡ್-ಕೇಂಬ್ರಿಜ್ ಡಿಸೆಂಬರ್-ಜನವರಿಯಲ್ಲಿ ಮುಗಿಯುತ್ತವೆ. ಅಷ್ಟರೊಳಗೆ ಪಾಸ್‌ಪೋರ್ಟ್ ಮಾಡಿಸಿ, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳಲ್ಲಿ, ಅಂಕಪಟ್ಟಿಗಳಲ್ಲಿ ನಿಮ್ಮ ಹೆಸರಿನ ಇಂಗ್ಲಿಷ್ ಸ್ಪೆಲ್ಲಿಂಗ್ ಒಂದೇ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ತಿದ್ದುಪಡಿಗೆ ಈಗಲೇ ಅರ್ಜಿ ಕೊಡಿ, ಅದಕ್ಕೇ ತಿಂಗಳುಗಟ್ಟಲೆ ಹಿಡಿಯುತ್ತದೆ. ಮತ್ತು ನಿಮ್ಮ ಕಡೆ 1957ರ ಆಸುಪಾಸನ್ನು ನೆನಪಿಟ್ಟುಕೊಂಡವರು ಈಗ ಎಂಬತ್ತರ ಮೇಲಿನವರು. ಸ್ಕಾಲರ್‌ಶಿಪ್ ಬರುವವರೆಗೆ ಕಾಯದೆ ಅವರನ್ನು ಮಾತಾಡಿಸಿ, ಒಪ್ಪಿಗೆ ಪಡೆದು ಫೋನಿನಲ್ಲೇ ರೆಕಾರ್ಡ್ ಮಾಡಿಕೊಳ್ಳಿ.